ದಿಬ್ಬದ ಕಡೆ ತಿರುಗಿದ ಡಿಶ್

ಬೈರೇಶ್ ತೀರಿಕೊಂಡ. ಮಾರ್ಚ್ ಹದಿನಾಲ್ಕು, ಗುರುವಾರ, ಸಂಜೆ ಏಳಕ್ಕೂ ಏಳೂವರೆಗೂ ನಡುವೆ, ಕಾಮಸಮುದ್ರದ ಹತ್ತಿರ ಅಣ್ಣನ ಹೊಲದ ಹುಣಸೆಮರದ ಕೆಳಗೆ ನಿಲ್ಲಿಸಿದ್ದ ತನ್ನ ಗಾಡಿಯೊಳಗೆ. ಅವನಿಗೆ ಅರವತ್ಮೂರು ವರ್ಷವಾಗಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು.

ಸರಿಯಾದ ನಿಮಿಷ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಅರುಣಕುಮಾರಿ ಟಿ.ವಿ.ಯಲ್ಲಿ ಧಾರಾವಾಹಿ ನೋಡುತ್ತಿದ್ದಳು. ಗೆಳೆಯ ಶಿವಪ್ರಸಾದ್ ಹೊರಗೆ, ಹತ್ತು ಮಾರು ದೂರದಲ್ಲಿ, ಬದುವಿನ ಕಲ್ಲಿನ ಮೇಲಿದ್ದ. ಗಂಡ ಹೆಂಡತಿ ನೆಮ್ಮದಿಯಾಗಿ ನೋಡಿಕೊಳ್ಳಲಿ, ಮುಗಿದ ಮೇಲೆ ಒಳಗೆ ಹೋದರಾಯಿತು ಎಂದು ಕೂತಿದ್ದ. ಆ ಅರ್ಧ ಗಂಟೆ ಅವನು ಬಹಳ ಸಂತೋಷದಲ್ಲಿದ್ದ. ಈಗ ಅವನಿಗೆ ನುಂಗಲಾಗದಿರುವುದು ಅದೇ. ಒಳಗೆ ಹೋದಾಗ ಬೈರೇಶ್ ಕಿಟಕಿಗೆ ತಲೆ ಆನಿಸಿದ್ದ. ರಿಮೋಟು ತೊಡೆಯ ಮೇಲಿತ್ತು. ಅರುಣಕುಮಾರಿ ತುಟಿಯ ಮೇಲೆ ಬೆರಳಿಟ್ಟು, "ಮಲಗಿದ್ದಾರೆ" ಎಂದಳು.

ಅಪ್ಪನ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದರು. ಹನ್ನೊಂದನೆಯ ದಿನದ ಕಾರ್ಯವೂ ಮುಗಿಯಿತು. ಬಂಗಾರಪೇಟೆಯ ಶಾಲೆಯಲ್ಲಿ ಟೀಚರಾಗಿರುವ ಮಗಳು ದಿವ್ಯ ರಜೆ ಹಾಕಿ ತಾಯಿಯ ಜೊತೆ ಇದ್ದಾಳೆ. ಪ್ರತಿದಿನ ಸಂಜೆ ಏಳಕ್ಕೆ ಅರುಣಕುಮಾರಿ ಟಿ.ವಿ. ಮುಂದೆ ಕೂರುತ್ತಾಳೆ, ಚಿತ್ರ ಬಂದ ಮೇಲೆ ಬಾಗಿಲ ಕಡೆ ನೋಡಿ ಕೇಳುತ್ತಾಳೆ: "ಅವ್ರು ಮೇಲಿಂದ ಇಳಿದ್ರಾ?" ಮೊದಲ ದಿನ ದಿವ್ಯ ಇದ್ದದ್ದನ್ನು ಹೇಳಿದಳು. ತಾಯಿ ಆಗಷ್ಟೇ ಕೇಳಿದವಳಂತೆ ಅತ್ತಳು. ಮರುದಿನ ಅದೇ ಪ್ರಶ್ನೆ, ಅದೇ ಅಳು. ಮೂರನೆಯ ದಿನದಿಂದ ದಿವ್ಯ, "ಇನ್ನೂ ಮೇಲೇ ಇದ್ದಾರಮ್ಮ" ಎನ್ನತೊಡಗಿದಳು.

ಮೇಲೆ ಎಂದರೆ ಮಾಳಿಗೆಯ ಮೇಲೆ. ಬೈರೇಶನ ಬದುಕಿನ ಭಾನುವಾರಗಳೆಲ್ಲ ಕಳೆದದ್ದು ಬೇರೆಯವರ ಮನೆಗಳ ಮೇಲೆಯೇ.

ಅವನು ಹುಟ್ಟಿದ್ದು ಕಾಮಸಮುದ್ರದ ಕಡೆಯ ಕುರಿ ಸಾಕುವ ಮನೆಯಲ್ಲಿ. ಐ.ಟಿ.ಐ. ಓದಿ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆದ. ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತನಾಗಿ ತುಮಕೂರಿನಿಂದ ಬಂದ ಶಿವಪ್ರಸಾದನಿಗೆ ಅವನು ಸಿಕ್ಕಿದ್ದು ಅಲ್ಲೇ. ಒಬ್ಬನಿಗೆ ಪುಸ್ತಕದ ಹುಚ್ಚು, ಇನ್ನೊಬ್ಬನಿಗೆ ತಂತಿಯ ಹುಚ್ಚು. "ನೀನು ಓದಿದ್ದೆಲ್ಲ ಒಂದು ಬಲ್ಬಾದ್ರೂ ಅತ್ತಿಸ್ತದೇನ್ಲಾ?" ಎಂದು ಬೈರೇಶ್ ಕೇಳುತ್ತಿದ್ದ. ಮೂವತ್ತೆಂಟು ವರ್ಷ ಅದೇ ಮಾತು ಕೇಳಿಕೊಂಡು ಶಿವಪ್ರಸಾದ್ ಅವನ ಜೊತೆಗಿದ್ದ.

ಅರುಣಕುಮಾರಿ ಅವನಿಗೆ ಸಿಕ್ಕಿದ್ದೂ ಮಾಳಿಗೆಯಿಂದಲೇ. ಅವಳ ತಂದೆ ದಾವಣಗೆರೆ ಕಡೆಯಿಂದ ಬಂದ ಫೋರ್‌ಮನ್. ಆಗ ಡಿಶ್ ಇರಲಿಲ್ಲ, ಮೀನಿನ ಮೂಳೆಯಂಥ ಅಲ್ಯೂಮಿನಿಯಂ ಆಂಟೆನಾ. ಫೋರ್‌ಮನ್ನರ ಕ್ವಾರ್ಟರ್ಸ್ ಮೇಲೆ ಅದನ್ನು ಕಟ್ಟಲು ಬೈರೇಶ್ ಹತ್ತಿದ. ಮೇಲಿರುವವನು ತಿರುಗಿಸಿ "ಬಂತಾ?" ಎಂದು ಕೂಗಬೇಕು, ಕೆಳಗೆ ಟಿ.ವಿ. ನೋಡುತ್ತಿರುವವರು "ಬಂತು" ಅಥವಾ "ಇಲ್ಲ" ಎನ್ನಬೇಕು. ಅವತ್ತು ಕಿಟಕಿಯಲ್ಲಿ ನಿಂತು ಉತ್ತರ ಕೊಟ್ಟವಳು ಅರುಣಕುಮಾರಿ. ಅವಳು ಇಲ್ಲ ಇಲ್ಲ ಎನ್ನುತ್ತಲೇ ಹೋದಳು. ಬೈರೇಶ್ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ಬೆಂದ. ಕೊನೆಗೆ ಅವಳ ಅಕ್ಕ ರಾಧ ಅಂಗಳಕ್ಕೆ ಬಂದು, "ಅಣ್ಣಾ, ಚಿತ್ರ ಆಗಲೇ ಬಂದಿದೆ, ಇವಳು ನಿಮ್ಮನ್ನು ಆಟ ಆಡಿಸ್ತಿದ್ದಾಳೆ, ಇಳೀರಿ" ಎಂದಳು. ಮರುವರ್ಷ ಮದುವೆಯಾಯಿತು. ಫೋರ್‌ಮನ್ನರು ಆರು ತಿಂಗಳು ಮಾತು ಬಿಟ್ಟಿದ್ದರು, ಆಮೇಲೆ ಟಿ.ವಿ. ಕೆಟ್ಟಿತು.

ಡಿಶ್ ಬಂದ ಮೇಲೆ ಬೈರೇಶನಿಗೆ ಬಿಡುವಿಲ್ಲದಂತಾಯಿತು. ಕೆ.ಜಿ.ಎಫ್.ನ ನಂದಿದುರ್ಗದ ಲೈನುಗಳಲ್ಲಿ, ಎಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಅವನು ಕೂರಿಸದ ಡಿಶ್ ಕಡಿಮೆ. ಆಂಟೆನಾ ಕಾಲದಲ್ಲಿ ಅರುಣಕುಮಾರಿ ಜೊತೆಗೆ ಹೋಗಿ ಕೆಳಗೆ ನಿಂತು ಹೇಳುತ್ತಿದ್ದಳು, ಮಗು ಹುಟ್ಟಿದ ಮೇಲೆ ಆ ಕೆಲಸ ಶಿವಪ್ರಸಾದನಿಗೆ ಬಿತ್ತು. ಬೈರೇಶ್ ಡಿಶ್ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ತಮಿಳರ ಮನೆಯ ಮೇಲಿಂದ "ವಂದುಚ್ಚಾ?" ಎಂದು ಕೂಗುತ್ತಿದ್ದ, ತೆಲುಗರ ಮನೆಯ ಮೇಲಿಂದ "ವಚ್ಚಿಂದಾ?" ಎಂದು. ಕೆಳಗೆ ಇರುತ್ತಿದ್ದವನು ಮಾತ್ರ ಅದೇ ಶಿವಪ್ರಸಾದ್. ದಿಕ್ಸೂಚಿ, ಮೀಟರು ಯಾವುದೂ ಬೈರೇಶನಿಗೆ ಬೇಕಿರಲಿಲ್ಲ. ಪೈಪಿಗೆ ಡಿಶ್ ಸಿಕ್ಕಿಸಿ ಒಮ್ಮೆ ತಲೆ ಎತ್ತಿ ನೋಡಿ ತಿರುಗಿಸಿದರೆ ಎರಡನೆಯ ಕೂಗಿಗೆ ಚಿತ್ರ ಬಂದಿರುತ್ತಿತ್ತು. ಕಣ್ಣಳತೆ ಎಂದರೆ ಇದು ಎಂದು ಜನ ಹೊಗಳುತ್ತಿದ್ದರು, ಅವನೂ ಹಾಗೇ ತಿಳಿದಿದ್ದ.

ನಾಲ್ಕು ವರ್ಷದ ಹಿಂದೆ ಅರುಣಕುಮಾರಿಗೆ ಮರೆವು ಶುರುವಾಯಿತು. ಹಾಲು ಉಕ್ಕಿ ಹೋಗುವುದರಿಂದ ಮೊದಲಾಗಿ, ಬೀದಿ ಮರೆತು, ಕಡೆಗೆ ದಿವ್ಯಳ ಹೆಸರು ಮರೆತಳು. ಹೋಗದೆ ಉಳಿದದ್ದು ಒಂದೇ. ರಾಧಕ್ಕ ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಹೋದವಳು. ಅಕ್ಕತಂಗಿ ಇಬ್ಬರೂ ಎಷ್ಟೋ ವರ್ಷಗಳಿಂದ ಏಳು ಗಂಟೆಗೆ ಒಂದೇ ಧಾರಾವಾಹಿ ನೋಡಿ, ಏಳೂವರೆಗೆ ಫೋನು ಮಾಡಿ, ಆ ಮನೆಯ ಸೊಸೆ ಹೀಗೆ ಮಾಡಬಾರದಿತ್ತು ಎಂದು ಅರ್ಧ ಗಂಟೆ ಜಗಳವಾಡುತ್ತಿದ್ದರು. ಏಳು ಗಂಟೆಯ ಆ ಹೊತ್ತು ಅವಳೊಳಗೆ ಹಾಗೇ ನಿಂತಿತ್ತು. ಅದು ತಪ್ಪಿದರೆ ಎದ್ದು "ಮನೆಗೆ ಹೋಗ್ಬೇಕು" ಎಂದು ಹೊರಟುಬಿಡುತ್ತಿದ್ದಳು, ತನ್ನ ಮನೆಯಲ್ಲೇ ಇದ್ದರೂ.

ಹೋದ ದೀಪಾವಳಿಗೆ ಫೋನಿನಲ್ಲಿ ಅಕ್ಕನ ದನಿ ಕೇಳಿ, "ಇದ್ಯಾರು ಮಾತಾಡೋದು?" ಎಂದಳು. ಫೋನಿನಲ್ಲೇ ಮುಖ ತೋರಿಸಿದರೆ "ಫೋಟೋ" ಎಂದು ಮಗುಚಿಟ್ಟಳು. ಅಕ್ಕನೇ ಬರುವಂತಿರಲಿಲ್ಲ, ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದಳು.

ಅವತ್ತು ಸಂಜೆ ಬೈರೇಶ್ ಶಿವಪ್ರಸಾದನ ಮನೆಗೆ ಬಂದು ಜಗುಲಿಯ ಮೇಲೆ ಕೂತ. "ಎದುರುಗಡೆ ಮೊಕ ನೋಡಿದ್ರೆ ಗುರ್ತು ಸಿಗ್ತದೆ ಕಣ್ಲಾ. ಮೊಕವೂ ಅಳಿಸ್ಕೊಂಡು ಓಗೋಕೆ ಮುಂಚೆ ಕರ್ಕೊಂಡೋಗ್ಬೇಕು."

"ಕಾರು ಮಾಡ್ಕೊಂಡು ಹೋಗಿ."

"ಎರಡು ಗಂಟೆ ಮೇಲೆ ಕೂರಲ್ಲ ಅವ್ಳು. ದಾರೀಲಿ ಲಾಡ್ಜಲ್ಲಿ ಇಳಿಸಿದ್ರೆ ಗೋಡೆ ನೋಡಿ ಎದರ್ಕೊಂತಾಳೆ. ಮನೇನೇ ತಕ್ಕೊಂಡೋಗ್ಬೇಕು."

ಹಾಗೆ ಬಂದದ್ದು ಆ ಗಾಡಿ. ಒಂದು ಹಳೆಯ ಶಾಲೆಯ ಮಿನಿಬಸ್ಸು. ಸೀಟು ಕಿತ್ತು ಮಂಚ, ಒಲೆ, ಕಮೋಡು ಕೂರಿಸಿದ. ಒಳಗೋಡೆಗೆ ಮನೆಯಲ್ಲಿದ್ದ ಅದೇ ತಿಳಿಹಸಿರು ಬಣ್ಣ, ಅದೇ ಕ್ಯಾಲೆಂಡರು, ಅದೇ ಟಿ.ವಿ. ಮೂರು ದಿನದ ದಾರಿ, ದಿನಕ್ಕೆ ಒಂದು ಬೀಡು: ಸಿರಾ, ಚಿತ್ರದುರ್ಗ, ಕಡೆಗೆ ರಾಧಕ್ಕನ ಊರು. ಕುರಿಮಂದೆಯ ಜೊತೆ ಬೆಳೆದವನಿಗೆ ಬೀಡು ಬಿಡುವ ಲೆಕ್ಕ ಗೊತ್ತಿತ್ತು. ಮೂರು ಗಂಟೆಗೇ ನೆರಳು ಹಿಡಿದು ನಿಲ್ಲಬೇಕು, ಆಮೇಲೆ ಅಲ್ಲಾಡಬಾರದು. ಹೊತ್ತು ಇಳಿದ ಮೇಲೆ ಗಾಡಿ ಕದಲಿದರೆ ಅರುಣಕುಮಾರಿ ಗಾಬರಿಯಾಗುತ್ತಿದ್ದಳು. ಎಲ್ಲ ಆಗಿ, ಉಳಿದದ್ದು ಏಳು ಗಂಟೆಗೆ ಚಿತ್ರ ತರುವ ಆಂಟೆನಾ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನರೇಶನ ಅಂಗಡಿ. ಬೈರೇಶನ ಕೈಕೆಳಗೆ ಕೆಲಸ ಕಲಿತವನು. ದಿವ್ಯ, ಶಿವಪ್ರಸಾದ್, ಬೈರೇಶ್ ಮೂವರೂ ಹೋದರು. ನರೇಶ್ ಕಂಪ್ಯೂಟರಿನಲ್ಲಿ ಒಂದು ಬಿಳಿಯ ಗುಮ್ಮಟ ತೋರಿಸಿದ, ಮಗುಚಿಟ್ಟ ಬೋಗುಣಿಯ ಹಾಗಿತ್ತು.

"ಗುರುಗಳೇ, ಇದನ್ನ ಗಾಡಿ ಮೇಲೆ ಕೂರಿಸಿಬಿಟ್ರೆ ಮುಗೀತು. ಬಟನ್ ಒತ್ತಿದ್ರೆ ಒಳಗಿರೋ ಡಿಶ್ ತಾನೇ ತಿರುಗಿ ಸಿಗ್ನಲ್ ಹುಡುಕ್ಕೊಳ್ಳುತ್ತೆ. ನೀವು ಹತ್ತೋದೂ ಬೇಡ, ಕೂಗೋದೂ ಬೇಡ."

"ಗಾಡಿ ಮರದ ಕೆಳಗೆ ನಿಂತಿದ್ರೆ?"

"ಮರದ ಕೆಳಗೆ ಬರಲ್ಲ. ಮೇಲೆ ಆಕಾಶ ಬಿಚ್ಚಿರಬೇಕು."

"ಮೂರು ಗಂಟೆಯಿಂದ ಬಟ್ಟಬಯಲಲ್ಲಿ ನಿಂತ್ರೆ ಒಳಗಿರೋ ಎಂಗಸು ಬೇಯೋದಾ?"

"ಎ.ಸಿ. ಹಾಕ್ಸಿ."

"ಎ.ಸಿ.ಗೆ ಜನರೇಟರ್. ಜನರೇಟರ್ ಸದ್ದಿಗೆ ಅವ್ಳು ಎದ್ದು ಓಡ್ತಾಳೆ. ಆಮೇಲೆ ಅವಳನ್ನ ಉಡ್ಕೋದಕ್ಕೂ ಬಟನ್ ಕೊಡ್ತೀಯೇನ್ಲಾ?"

ನರೇಶ್ ನಕ್ಕು ಇನ್ನೊಂದು ತೋರಿಸಿದ. ಗಾಡಿಯ ನೆತ್ತಿಗೆ ಕೂರಿಸಿ ಒಳಗಿನಿಂದ ಹಿಡಿ ತಿರುಗಿಸಿ ಎತ್ತುವ ಡಿಶ್. ಅದಕ್ಕೂ ಮರ ಆಗದು. ಬೈರೇಶ್ ಮೂಲೆಯಲ್ಲಿ ಒರಗಿಸಿದ್ದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನೂ ಮನೆಗಳ ಮೇಲೆ ಇರುವಂಥದೇ ಒಂದು ಡಿಶ್ಶನ್ನೂ ಕೈಗೆತ್ತಿಕೊಂಡ.

"ಇದು ಸಾಕು. ಇಪ್ಪತ್ತು ಮೀಟರ್ ಕೇಬಲ್ ಕೊಡು. ಗಾಡಿ ನೆರಳಲ್ಲಿರ್ತದೆ, ಡಿಶ್ ಬಯಲಲ್ಲಿರ್ತದೆ. ಮುರಿದ್ರೆ ಯಾವ ಊರಲ್ಲಾದ್ರೂ ಸಿಗ್ತದೆ, ಆ ಬೋಗುಣಿ ಕೆಟ್ರೆ ಸಿರಾದಲ್ಲಿ ಯಾವನು ಬಿಚ್ತಾನೆ?"

"ಅಪ್ಪ, ಪ್ರತಿ ಊರಲ್ಲೂ ನೀನು ಹೊಸದಾಗಿ ತಿರುಗಿಸಿ ಹುಡುಕಬೇಕಲ್ಲ" ಎಂದಳು ದಿವ್ಯ.

"ಯಾರ ಅತ್ರ ಏಳ್ತಿದ್ದೀಯಮ್ಮ? ಎರಡೇ ಕೂಗು."

ಶಿವಪ್ರಸಾದನಿಗೂ ಅದೇ ಸರಿ ಎನ್ನಿಸಿತ್ತು. ಅವನೂ ಆ ಎರಡು ಕೂಗನ್ನು ನಂಬಿದ್ದ.

ಹೊರಡುವ ಮುಂಚೆ ಒಂದು ಪರೀಕ್ಷೆ ನೋಡೋಣವೆಂದು ಫೆಬ್ರವರಿ ಕೊನೆಯಲ್ಲಿ ಕಾಮಸಮುದ್ರದ ಹೊಲಕ್ಕೆ ಹೋದರು. ಮೂರು ಗಂಟೆಗೆ ಹುಣಸೆಮರದ ಕೆಳಗೆ ಗಾಡಿ ನಿಂತಿತು. ಅರುಣಕುಮಾರಿ ಕ್ಯಾಲೆಂಡರು ನೋಡಿ, ಗೋಡೆ ಮುಟ್ಟಿ, ಮನೆಯೇ ಎಂದುಕೊಂಡು ಮಲಗಿದಳು. ಆರೂವರೆಗೆ ಬೈರೇಶ್ ಬಯಲಿನಲ್ಲಿ ಸ್ಟ್ಯಾಂಡ್ ಊರಿ, ತಲೆ ಎತ್ತಿ ನೋಡಿ, ಡಿಶ್ ತಿರುಗಿಸಿ ಕೂಗಿದ.

"ಬಂತಾ?"

"ಇಲ್ಲ" ಎಂದ ಒಳಗಿನಿಂದ ಶಿವಪ್ರಸಾದ್.

ಎರಡನೆಯ ಕೂಗಿಗೂ ಇಲ್ಲ, ಹತ್ತನೆಯದಕ್ಕೂ ಇಲ್ಲ. ಕೇಬಲ್ ಬಿಚ್ಚಿ ಹಾಕಿದ, ತುದಿ ಕತ್ತರಿಸಿ ಹೊಸದಾಗಿ ಸುತ್ತಿದ, ಸ್ಟ್ಯಾಂಡ್ ಎರಡು ಮಾರು ಆಚೆ ಇಟ್ಟ. ಏಳಾಯಿತು. ಅರುಣಕುಮಾರಿ ಖಾಲಿ ನೀಲಿ ಪರದೆಯನ್ನು ನೋಡುತ್ತಾ ಕೂತಳು. ಏಳೂಕಾಲಿಗೆ ಸಹಾಯಕ್ಕೆಂದು ಶಿವಪ್ರಸಾದ್ ಹೊರಗೆ ಹೋದವನು ತಿರುಗಿ ಬರುವಷ್ಟರಲ್ಲಿ ಗಾಡಿ ಖಾಲಿಯಾಗಿತ್ತು.

ಪಕ್ಕದ ಹೊಲದ ಅಕ್ಕಯ್ಯಮ್ಮ, ಬೈರೇಶನಿಗೆ ವರಸೆಯಲ್ಲಿ ಅತ್ತೆ, ದನ ಹೊಡೆದುಕೊಂಡು ಬರುವಾಗ ಬಸ್ ರಸ್ತೆಯ ಅಂಚಿನಲ್ಲಿ ಅವಳನ್ನು ಕಂಡು ಕೈ ಹಿಡಿದು ಕರೆತಂದಳು. ಚಪ್ಪಲಿ ಇರಲಿಲ್ಲ, ಕಾಲಿಗೆ ಮುಳ್ಳು ಚುಚ್ಚಿತ್ತು. "ರಾಧಕ್ಕನ ಮನೆ ಯಾವ ಕಡೆ ಅಂತ ಕೇಳ್ತಾವ್ಳೆ ಕಣಪ್ಪ. ಯಾರು ರಾಧಕ್ಕ?" ಎಂದಳು. ಬೈರೇಶ್ ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದ. ಅಕ್ಕಯ್ಯಮ್ಮ ಮುದ್ದೆ ತಂದು ಉಣ್ಣಿಸಿ, ಅವಳು ನಿದ್ದೆ ಹೋಗುವ ತನಕ ಬೆನ್ನು ಸವರುತ್ತಾ ಕೂತಳು.

ಬೆಳಿಗ್ಗೆ ಶಿವಪ್ರಸಾದ್ ಎದ್ದಾಗ ಬೈರೇಶ್ ಡಿಶ್ಶಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಸೂರ್ಯ ಆಗತಾನೆ ಮೇಲೆ ಬಂದಿದ್ದ.

"ಸೂರ್ಯ ಇದರ ಯಾವ ಪಕ್ಕಕ್ಕವ್ನೆ ನೋಡು" ಎಂದ.

"ಬಲಗಡೆ."

"ನಮ್ಮನೆ ಮೇಲಿನ ಡಿಶ್ಶಿಗೆ ಎಡಗಡೆ ಉಟ್ತಾನೆ. ನಂದಿದುರ್ಗದಲ್ಲಿ ಎಲ್ಲ ಮನೇಲೂ ಎಡಗಡೆ." ಆಮೇಲೆ ಬೆರಳು ತೋರಿಸಿದ. ಡಿಶ್ ನೋಡುತ್ತಿದ್ದ ಕಡೆ, ದೂರದಲ್ಲಿ, ಗಣಿಯ ಮಣ್ಣುದಿಬ್ಬ ಬೂದಿಯ ಗೀಟಿನಂತೆ ಕಾಣುತ್ತಿತ್ತು.

ಆಗ ಶಿವಪ್ರಸಾದನಿಗೂ ಹೊಳೆಯಿತು. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಆ ದಿಬ್ಬ ನಂದಿದುರ್ಗಕ್ಕೂ ಕಾಮಸಮುದ್ರಕ್ಕೂ ನಡುವೆ, ಮಾರಿಕುಪ್ಪಂ ಕಡೆ ಇದೆ. ನಂದಿದುರ್ಗದ ಯಾವ ಮಾಳಿಗೆಯ ಮೇಲೆ ನಿಂತರೂ ಅದು ದಕ್ಷಿಣಕ್ಕೆ ಕಾಣುತ್ತದೆ, ಉಪಗ್ರಹವೂ ಅದೇ ದಿಕ್ಕಿನ ಆಕಾಶದಲ್ಲಿದೆ. ಬೈರೇಶ್ ತಲೆ ಎತ್ತಿ ನೋಡುತ್ತಿದ್ದದ್ದು ಆಕಾಶವನ್ನಲ್ಲ, ದಿಬ್ಬವನ್ನು. ಕಾಮಸಮುದ್ರದಲ್ಲಿ ಅದೇ ದಿಬ್ಬ ಉತ್ತರಕ್ಕೆ ಬಿದ್ದಿತ್ತು. ಕೈ ಅಭ್ಯಾಸದಿಂದ ಅದನ್ನೇ ಹುಡುಕಿ ಅತ್ತಲೇ ತಿರುಗಿತ್ತು.

"ಇಪ್ಪತ್ತು ವರ್ಷ ಡಿಶ್ ಕೂರಿಸ್ದೆ ಅಂದ್ಕೊಂಡಿದ್ದೆ ಕಣ್ಲಾ" ಎಂದ ಬೈರೇಶ್. "ದಿಬ್ಬ ನೋಡ್ಕೊಂಡು ತಗಡು ತಿರುಗಿಸಿದ್ದೀನಿ ಅಷ್ಟೇ. ಇದನ್ನ ನರೇಶನಿಗೆ ಏಳ್ಬೇಡ."

ನಗುವಂತೆ ಹೇಳಿದ. ಆಮೇಲೆ ಕೇಬಲ್ ಸುತ್ತಿ ಸ್ಟ್ಯಾಂಡನ್ನು ಗಾಡಿಗೆ ಹಾಕಿದ.

ವಿಷಯ ತಿಳಿದು ದಿವ್ಯ ಬಂದಳು. ತಾಯಿಯ ಕಾಲಿನ ಗಾಯ ನೋಡಿ, "ಅಪ್ಪ, ಗುಮ್ಮಟದ್ದೇ ಹಾಕಿಸು. ಇಲ್ಲ, ಹೋಗೋದೇ ಬೇಡ. ಅಮ್ಮ ಹೈವೇ ಪಕ್ಕದಲ್ಲಿ ಹೀಗೆ ಇಳಿದು ಹೋದ್ರೆ?" ಎಂದಳು.

ಬೈರೇಶ್ ನರೇಶನ ಅಂಗಡಿಗೆ ಮತ್ತೆ ಹೋಗಿ ಗುಮ್ಮಟವನ್ನು ತರಿಸಿ, ಗಾಡಿಯ ಮೇಲಿಟ್ಟು ಎರಡು ದಿನ ನೋಡಿದ. ಬಯಲಿನಲ್ಲಿ ಅದು ಎರಡು ನಿಮಿಷಕ್ಕೆ ಚಿತ್ರ ತಂದಿತು, ಮರದ ಕೆಳಗೆ ಗುಂಯ್ ಎಂದು ಸುತ್ತುತ್ತಲೇ ಇತ್ತು. ಬಯಲಿನಲ್ಲಿ ನಿಂತ ಗಾಡಿಯೊಳಗೆ ಅರುಣಕುಮಾರಿ ನಾಲ್ಕು ಗಂಟೆಗೆ ಸೆರಗು ಕಿತ್ತೆಸೆದು, ಬೆವೆತು, ಬಾಗಿಲು ಬಡಿದಳು. ಅದನ್ನು ನೋಡಿದ ಮೇಲೆ ದಿವ್ಯಳೇ, "ಮೂರು ಕಾಲಿಂದೇ ಇರಲಿ" ಎಂದಳು. "ಆದ್ರೆ ನಿನಗೇನಾದ್ರೂ ಆದ್ರೆ ಅದನ್ನ ತಿರುಗಿಸೋರು ಯಾರು?"

ಬೈರೇಶ್ ಮರುದಿನದಿಂದ ಬೇರೆ ಮನುಷ್ಯನಂತೆ ಕೆಲಸಕ್ಕೆ ಕೂತ. ಅರವತ್ಮೂರರಲ್ಲಿ ದಿಕ್ಸೂಚಿ ಕೊಂಡ. ಶಿವಪ್ರಸಾದನ ಕೈಲಿ ನಕಾಶೆ ನೋಡಿಸಿ ಒಂದೊಂದು ಬೀಡಿಗೂ ಡಿಶ್ ಎಷ್ಟು ಬಾಗಬೇಕು, ಎತ್ತ ತಿರುಗಬೇಕು ಎಂದು ಕೇಳಿ ಬರೆದುಕೊಂಡ. ಸ್ಟ್ಯಾಂಡಿನ ಕತ್ತಿಗೆ ಹಳದಿ ಬಣ್ಣದಲ್ಲಿ ನಾಲ್ಕು ಗೀಟು ಎಳೆದ: ಇಲ್ಲಿಗೊಂದು, ಸಿರಾಕ್ಕೊಂದು, ಚಿತ್ರದುರ್ಗಕ್ಕೊಂದು, ರಾಧಕ್ಕನ ಊರಿಗೊಂದು. ಒಂದು ಕಾಲಿಗೆ ಕೆಂಪು ಬಳಿದು, "ಈ ಕಾಲು ಯಾವಾಗಲೂ ದಕ್ಷಿಣಕ್ಕೆ. ದಿಬ್ಬ ಗಿಬ್ಬ ನೋಡಂಗಿಲ್ಲ" ಎಂದ. ತನ್ನ ಕೈಯನ್ನೇ ನಂಬದವನು ಯಾರ ಕೈಗಾದರೂ ಒದಗುವ ಹಾಗೆ ಆ ಕಬ್ಬಿಣವನ್ನು ಸಜ್ಜು ಮಾಡುತ್ತಿದ್ದ. ಆಗ ಶಿವಪ್ರಸಾದ್ ಅದನ್ನು ಅಚ್ಚುಕಟ್ಟುತನ ಎಂದಷ್ಟೇ ತಿಳಿದ. ಮೆಟ್ಟಿಲು ಹತ್ತುವಾಗ ಬೈರೇಶ್ ನಡುವೆ ನಿಲ್ಲುತ್ತಿದ್ದದ್ದನ್ನೂ ನೋಡಿದ್ದ, ಕೇಳಲಿಲ್ಲ.

ತಿಥಿಯ ಮರುದಿನ ದಿವ್ಯ ಗಾಡಿಯ ಬೀಗದ ಕೈ ಹಿಡಿದು ಶಿವಪ್ರಸಾದನ ಮನೆಗೆ ಬಂದಳು. "ಅಂಕಲ್, ದೊಡ್ಡಮ್ಮ ಫೋನ್ ಮಾಡಿ ಅಳ್ತಾರೆ. ಅಮ್ಮನ್ನ ಕರ್ಕೊಂಡು ಹೋಗಿಬಿಡೋಣ ಅನ್ಸುತ್ತೆ. ಡ್ರೈವರ್ ಸಿಕ್ಕಿದ್ದಾನೆ. ಆದ್ರೆ ಏಳು ಗಂಟೆಗೆ..."

"ಡಿಶ್ ನಾನು ಕೂರಿಸ್ತೀನಿ" ಎಂದ ಶಿವಪ್ರಸಾದ್.

"ನಿಮಗೆ ಬರುತ್ತಾ?"

"ಒಂದು ಸಲ ಕೂರಿಸಿದ್ದೀನಿ."

ಬರುವ ಸೋಮವಾರ ಹೊರಡುತ್ತಾರೆ. ಆ ಒಂದು ಸಲ ಎಂದರೆ ಮಾರ್ಚ್ ಹದಿನಾಲ್ಕು.

ಸೋತ ಜಾಗದಲ್ಲೇ ಗೆಲ್ಲಬೇಕೆಂದು ಬೈರೇಶ್ ಅದೇ ಹೊಲಕ್ಕೆ ಹಟ ಮಾಡಿ ಹೋಗಿದ್ದ. ಮೂರು ಗಂಟೆಗೆ ಅದೇ ಹುಣಸೆಮರ. ಅರುಣಕುಮಾರಿ ಮಲಗಿ ಎದ್ದಳು, ಕಾಫಿ ಕುಡಿದಳು. ಆರೂವರೆಗೆ ಬೈರೇಶ್ ಸ್ಟ್ಯಾಂಡ್ ಹೊತ್ತು ಬಾಗಿಲ ತನಕ ಬಂದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಖ ಬೆವೆತಿತ್ತು.

"ಏನಾಯ್ತೋ?"

"ಏನಿಲ್ಲ, ಸೆಕೆ. ಇವತ್ತು ನೀನು ಓಗು. ನಾನು ಒಳಗೆ ಕೂತು ಬಂತಾ ಇಲ್ವಾ ಏಳ್ತೀನಿ."

"ನನಗೆ ಬರಲ್ಲ ಮಾರಾಯ."

"ಕೆಂಪು ಕಾಲು ದಕ್ಷಿಣಕ್ಕೆ ಇಡಕ್ಕೆ ಬರಲ್ವಾ? ಅಷ್ಟು ಪುಸ್ತಕ ಓದಿದ್ದೀಯ."

ಶಿವಪ್ರಸಾದ್ ಸ್ಟ್ಯಾಂಡ್ ಹೊತ್ತು ಬಯಲಿಗೆ ಹೋದ. ದಿಕ್ಸೂಚಿ ಇಟ್ಟು, ಕೆಂಪು ಕಾಲು ಊರಿ, ಮೊದಲ ಹಳದಿ ಗೀಟಿಗೆ ಡಿಶ್ ಬಾಗಿಸಿದ. ದಿಬ್ಬ ಬೆನ್ನ ಹಿಂದಿತ್ತು. ಏಳಕ್ಕೆ ಐದು ನಿಮಿಷ. ಮೆಲ್ಲಗೆ ತಿರುಗಿಸಿ, ಬದುಕಿನಲ್ಲಿ ಮೊದಲ ಬಾರಿಗೆ ಆ ಕಡೆಯಿಂದ ತಾನೇ ಕೂಗಿದ.

"ಬಂತಾ?"

ಒಳಗಿನಿಂದ ಹೆಂಗಸಿನ ದನಿ ಬಂತು. "ಇಲ್ಲ."

ಇನ್ನೊಂದು ಕೂದಲೆಳೆ ತಿರುಗಿಸಿದ. "ಈಗ?"

"ಇಲ್ಲ" ಎಂದಳು ಅರುಣಕುಮಾರಿ.

ಮತ್ತೂ ತಿರುಗಿಸಿದ. "ಇಲ್ಲ." ಅಷ್ಟರಲ್ಲಿ ಬೈರೇಶ್ ನಗುವುದು ಕೇಳಿಸಿತು. ಬಹಳ ದಿನವಾಗಿತ್ತು ಆ ನಗು ಕೇಳಿ. "ಬಂದಿತ್ತು ಕಣ್ಲಾ, ಮೊದಲ್ನೇ ಸಲಾನೇ ಬಂದಿತ್ತು. ಇವಳ ಮಾತು ಕೇಳ್ಕೊಂಡು ನೀನೂ ನನ್ನಂಗೆ ಬೇಯ್ತೀಯಾ? ಇಂದಕ್ಕೆ ಬಾ. ಇನ್ನೂ ಬಾ."

ಶಿವಪ್ರಸಾದ್ ಹಿಂದಕ್ಕೆ ತಿರುಗಿಸಿದ.

"ಬಂತು. ಅಲ್ಲೇ ಬಿಗಿ, ಅಲ್ಲಾಡಿಸ್ಬೇಡ."

ಅವನು ಸ್ಪ್ಯಾನರ್ ಹಾಕಿ ನಟ್ಟು ಬಿಗಿಯುತ್ತಿದ್ದ. ಧಾರಾವಾಹಿಯ ಹಾಡು ಮೊದಲು ಸಣ್ಣದಾಗಿ ಕೇಳಿಸಿತು. ಅರುಣಕುಮಾರಿಗೆ ಎಡಗಿವಿ ಮಂದ. ಬೈರೇಶ್ ರಿಮೋಟು ತೆಗೆದುಕೊಂಡು ಅವಳಿಗಾಗಿ ಸದ್ದನ್ನು ಒಂದೊಂದೇ ಮೆಟ್ಟಿಲು ಏರಿಸಿದ, ಬಯಲಿನಲ್ಲಿದ್ದವನಿಗೂ ಮಾತು ಸ್ಪಷ್ಟವಾಗಿ ಕೇಳುವಷ್ಟು.